ಓದು ಮತ್ತು ಆಲೋಚನೆ

ಜರ್ಮನಿಯ ತತ್ತ್ವಜ್ಞಾನಿ ಶೋಪೆನ್‌ಹೌರನು 1851ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಓದನ್ನು ಕುರಿತ ಪ್ರಬಂಧವೊಂದಿದೆ. ನಾವು ಓದುವಾಗ ನಮಗಾಗಿ ಮತ್ತೊಬ್ಬನು ಆಲೋಚಿಸುತ್ತಾನೆ. ಗುರುಗಳು ಬರೆದುಕೊಟ್ಟ ಅಕ್ಷರದ ಮೇಲೆ ಬಾಲಕನು ತಿದ್ದುವಂತೆ ನಮ್ಮ ಓದು ಎಂಬುದು ಅವನ ವಾದ. ಅತಿಯಾಗಿ ಓದುವವನು ಸ್ವಂತ ಆಲೋಚನೆಯ ಶಕ್ತಿಯನ್ನೇ ಕಳೆದುಕೊಳ್ಳುವನಂತೆ!

ಮೊದಲ ಸಲ ಓದಿದಾಗ ನಮಗೆ ಕೋಪವೇ ಬಂದಿತು. ಕನ್ನಡ ಪುಸ್ತಕವೊಂದು ಕೈಸೇರುವುದೇ ದುರ್ಲಭವಾದ ಗಡಿನಾಡಿನಲ್ಲಿ ಹೀಗೆನ್ನುವುದು, ಹಸಿದವನಿಗೆ ಉಪವಾಸದ ಮಹಿಮೆಯನ್ನು ಬೋಧಿಸಿದಂತೆ ತೋರಿತು.

ಅಧ್ಯಾಪಕರಾದ ಮೇಲೆ ಮನಸ್ಸು ಬದಲಾಯಿತು. ಪಾಠವನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದ ಹುಡುಗನು, "ಇದರಲ್ಲಿ ನಿನ್ನ ಅಭಿಪ್ರಾಯವೇನು?" ಎಂದೊಡನೆ ತಲೆತಗ್ಗಿಸಿ ನಿಂತನು. ಆ ಬಾಯಿಪಾಠವನ್ನು ಮೆಚ್ಚಿ ಅಂಕ ಕೊಡುತ್ತಿದ್ದವರು ನಾವೇ. ಪ್ರಬಂಧಕಾರನು ನಮ್ಮನ್ನೇ ಗದರಿದಂತಾಯಿತು.

ಮತ್ತೊಮ್ಮೆ ಓದಿದೆವು. ಮಹತ್ತ್ವದ ಗ್ರಂಥವನ್ನು ಕೂಡಲೇ ಎರಡನೆಯ ಸಲ ಓದಬೇಕೆಂದೂ ಅವನು ಅಲ್ಲಿಯೇ ಹೇಳಿದ್ದಾನೆ. ಕೋಪದಲ್ಲಿ ಆ ಮಾತು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಉಪನಿಷತ್ತುಗಳನ್ನು ಲ್ಯಾಟಿನ್ ಅನುವಾದದಲ್ಲಿ ಓದಿ, ಅವೇ ತನ್ನ ಬಾಳಿನ ಸಮಾಧಾನವೆಂದವನೂ ಅವನೇ. ಅವನು ಅಲ್ಲಗಳೆದುದು ಮೆಲುಕು ಹಾಕದ ಓದನ್ನು ಮಾತ್ರ.

ಆದುದರಿಂದ ಪೋಷಕರಲ್ಲಿ ನಮ್ಮದೊಂದು ವಿನಂತಿ: ಮಗು ಎಷ್ಟು ಪುಟ ಓದಿತೆಂದು ಕೇಳಿದ ಮೇಲೆ, ಓದಿದ್ದರಲ್ಲಿ ಅದಕ್ಕೆ ಏನು ತೋರಿತೆಂದೂ ಕೇಳಿರಿ.