ಎರಡು ದರಗಳ ಫಲಕ

ಖಾನಾಪುರ ತಾಲೂಕಿನ ಪಾರಿಶ್ವಾಡದವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಹಣ ವಿನಿಮಯದ ಕೌಂಟರಿನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿನ ಫಲಕದಲ್ಲಿ ಪ್ರತಿ ದೇಶದ ಹಣಕ್ಕೂ ಎರಡು ದರಗಳು. ಅಂಗಡಿಯವರು ಕೊಳ್ಳುವ ದರ ಕಡಿಮೆ, ಮಾರುವ ದರ ಹೆಚ್ಚು. ನಡುವಣ ಅಂತರವೇ ಅವರ ಗಳಿಕೆ. (ನಮ್ಮ ಸಂತೆಯ ಕಾಳಿನ ವ್ಯಾಪಾರಿಯೂ ಬೇರೇನು ಮಾಡುತ್ತಾನೆ?) ಕೊಲ್ಲಿ ದೇಶದಲ್ಲಿ ದುಡಿದು ಬಂದ ನಮ್ಮ ಕಡೆಯ ಕೂಲಿಕಾರನು ದಿರ್ಹಮ್ ನೋಟುಗಳನ್ನು ಮುಂದಿಟ್ಟಾಗ ಅವನ ಕಣ್ಣು ದೊಡ್ಡ ಅಂಕಿಯ ಮೇಲೆಯೇ ಇರುತ್ತದೆ. ಈ ತರುಣನಾದರೋ ನೋಟು ಮುಟ್ಟುವ ಮೊದಲೇ ಕೈಗೆ ಬರುವ ರೂಪಾಯಿಯನ್ನು ಲೆಕ್ಕ ಹಾಕಿ ತೋರಿಸಿ, “ಅಣ್ಣಾರ, ಬಸ್ಸಿನ ಖರ್ಚಿಗಷ್ಟ ಇಲ್ಲಿ ಮುರಿಸ್ರಿ; ಉಳಿದದ್ದಕ್ಕ ಹೊರಗ ಹೆಚ್ಚಿಗಿ ಸಿಗ್ತದ” ಎನ್ನುತ್ತಾನೆ. ಇದಕ್ಕಾಗಿ ಮೇಲಿನವರ ಮುಖ ಬಿಗಿದುಕೊಂಡದ್ದೂ ಉಂಟು.

ಚಿಲ್ಲರೆ ನಾಣ್ಯಗಳನ್ನು ಮಾತ್ರ ಆ ಕೌಂಟರು ಕೊಳ್ಳುವುದಿಲ್ಲ. ಅವು ಕೂಲಿಕಾರನ ಜೇಬಿನಲ್ಲಿಯೇ ಊರು ಸೇರಿ ಮಕ್ಕಳ ಆಟದ ಸಾಮಾನುಗಳಾಗುತ್ತವೆ.