ಕುರಿಯ ಜಠರದಲ್ಲಿ ಹುಳುವಿನ ಗುಟ್ಟು

ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸುವ ಹೀಮಾಂಕಸ್ ಜಂತುಹುಳು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಸಾವಿರ ಹುಳುಗಳಿದ್ದರೆ 50 ಮಿ.ಲೀ. ಆಯಿತು. ಇಂಥ ಕಳ್ಳನನ್ನು ಕುರಿಯ ದೇಹ ತಿಂಗಳುಗಟ್ಟಲೆ ಸಹಿಸುವುದೇಕೆ?

ಜೀವಕೋಶದೊಳಗೆ ಆಜ್ಞೆಗಳನ್ನು ಒಯ್ಯುವ ವಸ್ತು ಆರ್.ಎನ್.ಎ. ಅದರ ಕೆಲವು ಗಿಡ್ಡ ತುಣುಕುಗಳು ಇತರ ಆಜ್ಞೆಗಳನ್ನು ತಡೆಹಿಡಿಯುತ್ತವೆ. ಇಲಿಯ ಕರುಳಿನ ಹುಳುವೊಂದು ಈ ತುಣುಕುಗಳನ್ನು ಕಣ್ಣಿಗೆ ಕಾಣದ ಕೊಬ್ಬಿನ ಚೀಲಗಳಲ್ಲಿ ತುಂಬಿ ಹೊರಬಿಡುತ್ತದೆಂದು 2014ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳು ತೋರಿಸಿದರು. ಇಲಿಯ ಜೀವಕೋಶಗಳು ಆ ಚೀಲಗಳನ್ನು ಒಳಗೆ ಸೇರಿಸಿಕೊಳ್ಳುತ್ತವೆ. ರೋಗನಿರೋಧಕ ಪ್ರತಿಕ್ರಿಯೆ ಕುಗ್ಗುತ್ತದೆ. ಕಾವಲುಗಾರನ ಕೈಗೆ ಕಳ್ಳನೇ ಯಜಮಾನನ ಹೆಸರಿನಲ್ಲಿ ಚೀಟಿ ಕೊಟ್ಟಂತೆ! ನಮ್ಮ ಹೀಮಾಂಕಸ್ ಸಹ ಇಂಥ ತುಣುಕುಗಳನ್ನು ಸ್ರವಿಸುತ್ತದೆ. ಸೋಂಕು ತಗಲಿದ ಕುರಿಗಳ ಜಠರದ ಬಳಿಯ ದುಗ್ಧಗ್ರಂಥಿಯಲ್ಲೂ ಅವು ಸಿಕ್ಕಿವೆ.

ದೇಹ ಸುಮ್ಮನಿದ್ದರೂ ರಕ್ತ ಹೋಗುತ್ತಲೇ ಇರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಆಗಾಗ್ಗೆ ಕುರಿಯ ಕೆಳರೆಪ್ಪೆ ಬಿಡಿಸಿ ನೋಡಿರಿ. ಒಳಭಾಗ ಬಿಳಿಚಿದ್ದರೆ, ಗದ್ದದಡಿ ನೀರು ತುಂಬಿದ್ದರೆ, ತಡಮಾಡದೆ ಪಶುವೈದ್ಯರಿಗೆ ತೋರಿಸಿ ಔಷಧಿ ಕುಡಿಸಿರಿ. ಕೆಂಪಗಿರುವ ಕುರಿಗಳಿಗೂ ಪದೇಪದೇ ಕುಡಿಸಿದರೆ ಹುಳು ಔಷಧಿಗೇ ಒಗ್ಗಿಕೊಳ್ಳುತ್ತದೆ.