ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ: ಮನೆಯಂಗಳದಲ್ಲಿ ಕ್ಲಚ್ ಬದಲಿಸುವವರಿಗೆ ಸೂಚನೆ

ಗೋಣಿಕೊಪ್ಪಲು, ಪೊನ್ನಂಪೇಟೆ, ಬಾಳೆಲೆ, ಶ್ರೀಮಂಗಲ, ತಿತಿಮತಿ ಸುತ್ತಮುತ್ತ ತಮ್ಮ ಕಾರನ್ನು ತಾವೇ ಬಿಚ್ಚಿ ಜೋಡಿಸುವ ಎಲ್ಲರಿಗೂ ಈ ಸೂಚನೆ.

ನಮ್ಮ ಭಾಗದಲ್ಲಿ ಕ್ಲಚ್ ಬೇಗ ಸವೆಯುತ್ತದೆ. ಕಾಫಿ ಚೀಲ ತುಂಬಿಕೊಂಡು ತೋಟದ ಏರನ್ನು ಹಾಫ್ ಕ್ಲಚ್‌ನಲ್ಲಿ ಹತ್ತಿಸುತ್ತೇವೆ. ಮಳೆಗಾಲದಲ್ಲಿ ಚಕ್ರ ಕೆಸರಲ್ಲಿ ಹೂತರೆ ಹಿಂದೆ ಮುಂದೆ ಜಗ್ಗಿಸುತ್ತೇವೆ. ಮಾಕುಟ್ಟ ಘಾಟಿಯಲ್ಲಿ ಲಾರಿಯ ಹಿಂದೆ ನಿಂತು ನಿಂತು ಏರುತ್ತೇವೆ. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತರೂ ಅಂಥ ಗಾಡಿಗಳು ತೋಟದ ಮನೆಗಳಲ್ಲಿ ಇನ್ನೂ ದುಡಿಯುತ್ತಿವೆ. ಅವುಗಳ ಕ್ಲಚ್ಚನ್ನು ಮನೆಯಲ್ಲೇ ಬದಲಿಸಲು ಸಾಧ್ಯ. ಆದರೆ ಲಿಫ್ಟ್ ಇಲ್ಲದ ಕಡೆ ನೀವು ಮಲಗುವುದು ಕಾರಿನ ಅಡಿಯಲ್ಲಿ. ಹಗುರವೆನ್ನುವ 800ರ ತೂಕವೇ ಸುಮಾರು 650 ಕೆ.ಜಿ. ಆದ್ದರಿಂದ ಕೆಳಗಿನ ಒಂದೊಂದು ಮಾತನ್ನೂ ಪಾಲಿಸಿ.

1. ಬಿಚ್ಚುವ ಮೊದಲು

ಮಾಡಬೇಕಾದ್ದು

• ಕ್ಲಚ್ಚೇ ಸವೆದಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಏರಿನಲ್ಲಿ ಎಂಜಿನ್ ಕೂಗಿದರೂ ಕಾರು ವೇಗ ಹಿಡಿಯದಿದ್ದರೆ ಕ್ಲಚ್ ಜಾರುತ್ತಿದೆ. ಕೇಬಲ್ ಅತಿಯಾಗಿ ಬಿಗಿಯಾಗಿದ್ದರೂ ಹೀಗೆ ಜಾರಬಹುದು. ಗೇರ್ ಬೀಳದೆ ಕರಕರ ಎನ್ನುವುದಕ್ಕೆ ಕೇಬಲ್ ಸಡಿಲವಾದದ್ದೋ, ಹೈಡ್ರಾಲಿಕ್ ಕ್ಲಚ್ಚಿನಲ್ಲಿ ದ್ರವ ಸೋರಿದ್ದೋ ಕಾರಣವಿರಬಹುದು. ಅಂಥದ್ದಕ್ಕೆ ಗೇರ್‌ಬಾಕ್ಸ್ ಇಳಿಸುವ ಅಗತ್ಯವಿಲ್ಲ.
• ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ತನ್ನಿ. ಒಂದನ್ನು ಉಳಿಸಲು ಹೋದರೆ ಅದಕ್ಕಾಗಿಯೇ ಮತ್ತೊಮ್ಮೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.
• ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಯಾವ ಬೋಲ್ಟಿಗೆ ಎಷ್ಟು ಬಿಗಿ, ಯಾವ ಆಯಿಲ್, ಎಷ್ಟು ಲೀಟರ್ ಎಂಬುದು ಅದರಲ್ಲಿದೆ.
• ಕೆಲಸ ಮುಗಿಯುವವರೆಗೂ ಇನ್ನೊಬ್ಬ ವಯಸ್ಕರು ಜೊತೆಯಲ್ಲಿರಲಿ.

ಮಾಡಬಾರದ್ದು

• ಎಎಂಟಿ ಕಾರುಗಳ ಕ್ಲಚ್ಚಿಗೆ ಕೈ ಹಾಕಬೇಡಿ. ಹೊಸ ಕ್ಲಚ್ಚನ್ನು ಕಂಪ್ಯೂಟರಿಗೆ ಪರಿಚಯಿಸುವ ಸ್ಕ್ಯಾನರ್ ಇಲ್ಲದೆ ಆ ಕೆಲಸ ಪೂರ್ತಿಯಾಗುವುದಿಲ್ಲ.
• ಫೋರ್‌ವೀಲ್ ಜೀಪು, ಥಾರ್‌ಗಳನ್ನು ಅಂಗಳದಲ್ಲಿ ಬಿಚ್ಚಬೇಡಿ. ಗೇರ್‌ಬಾಕ್ಸಿನ ಜೊತೆ ಟ್ರಾನ್ಸ್‌ಫರ್ ಕೇಸಿನ ಭಾರವೂ ಸೇರಿರುತ್ತದೆ. ಅದು ಕೈಯಿಂದ ಹಿಡಿಯುವ ತೂಕವಲ್ಲ.
• ನಾಳೆ ಬೆಳಿಗ್ಗೆ ಮದುವೆಗೆ ಹೊರಡಬೇಕಾದ ಕಾರನ್ನು ಇಂದು ಸಂಜೆ ಬಿಚ್ಚಬೇಡಿ. ಅವಸರ ಬಂದರೆ ಎಚ್ಚರ ತಪ್ಪುತ್ತದೆ.

2. ಜಾಗ ಮತ್ತು ಕಾಲ

ಮಾಡಬೇಕಾದ್ದು

• ಗಟ್ಟಿ ಕಾಂಕ್ರೀಟ್ ನೆಲವನ್ನೇ ಆರಿಸಿ. ತೋಟದ ಮನೆಯವರು ಮೊದಲು ನೆನೆಯುವುದು ಕಾಫಿ ಕಣವನ್ನು. ಆದರೆ ಮಳೆನೀರು ನಿಲ್ಲದಿರಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದ ಆ ಇಳಿಜಾರು ಕಾರನ್ನು ಜರುಗಿಸಬಲ್ಲದು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಮಟ್ಟವಿದ್ದರೆ ಮಾತ್ರ ಅಲ್ಲಿ ಕೆಲಸ ಮಾಡಿ. ಬಿರುಕು ಬಿಟ್ಟ ಅಂಚಿನಿಂದ ದೂರವಿರಿ.
• ಬೆಳಕಿರುವಾಗ ಶುರು ಮಾಡಿ, ಬೆಳಕಿರುವಾಗಲೇ ನಿಲ್ಲಿಸಿ.

ಮಾಡಬಾರದ್ದು

• ಮಣ್ಣಿನ ಅಂಗಳದಲ್ಲಿ ಕಾರು ಎತ್ತಬೇಡಿ. ಹಲಗೆ ಹಾಕಿದರೂ ನೆನೆದ ಕೆಂಪುಮಣ್ಣು ಒಂದು ಕಡೆ ಕುಸಿಯುತ್ತದೆ.
• ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಈ ಕೆಲಸ ಬೇಡ. ಒದ್ದೆ ಕೈ, ಒದ್ದೆ ನೆಲ, ಎಣ್ಣೆ ಮೂರೂ ಸೇರಿದರೆ ಯಾವ ಹಿಡಿತವೂ ನಿಲ್ಲುವುದಿಲ್ಲ.
• ಕಾಫಿ ಹರಡಿರುವ ಕಣದ ಮೂಲೆಯಲ್ಲಿ ಜಾಗ ಮಾಡಿಕೊಂಡು ದುಡಿಯಬೇಡಿ. ಓಡಾಡುವ ಜನ ಮತ್ತು ಮಕ್ಕಳನ್ನು ತಡೆಯಲಾಗದು. ಎಣ್ಣೆ ಚೆಲ್ಲಿದರೆ ಬೆಳೆಯೂ ಹಾಳು.

3. ಕಾರನ್ನು ಎತ್ತುವಾಗ

ಮಾಡಬೇಕಾದ್ದು

• ಮುಂಭಾಗ ಎತ್ತುವುದಾದರೆ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡ ತುಂಡು ಕೊಡಿ. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯ ಬೇಡ. ಆಕ್ಸಲ್ ಬಿಚ್ಚಿದ ಕ್ಷಣದಿಂದ ಗೇರಿಗೂ ಚಕ್ರಕ್ಕೂ ಸಂಬಂಧವಿರುವುದಿಲ್ಲ.
• ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆಯಿರಿ.
• ತೂಕದ ಮಿತಿ ನಮೂದಿಸಿರುವ ಉಕ್ಕಿನ ಜಾಕ್ ಸ್ಟ್ಯಾಂಡ್ ಒಂದು ಜೊತೆ ಇರಲಿ. ಒಂದು ಬದಿ ಎತ್ತಿ ಸ್ಟ್ಯಾಂಡ್ ಕೊಡಿ, ಆಮೇಲೆ ಇನ್ನೊಂದು ಬದಿ. ಎರಡೂ ಒಂದೇ ಎತ್ತರದಲ್ಲಿರಲಿ.
• ಸ್ಟ್ಯಾಂಡ್ ಕೊಡುವ ಜಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ನಮ್ಮ ಮಳೆಗೆ ಹಳೆಯ ಕಾರುಗಳ ಬಾಗಿಲ ಕೆಳಗಿನ ತಗಡು ಒಳಗೊಳಗೇ ತುಕ್ಕು ತಿಂದಿರುತ್ತದೆ. ಮೇಲೆ ಬಣ್ಣ ಚೆನ್ನಾಗಿದ್ದರೂ ಭಾರ ಬಿದ್ದರೆ ಕುಸಿಯುತ್ತದೆ.
• ಅಡಿಗೆ ಹೋಗುವ ಮೊದಲು ಹೊರಗೆ ನಿಂತು ಕಾರನ್ನು ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ.
• ಕಳಚಿದ ಚಕ್ರಗಳನ್ನು ಕಾರಿನ ಅಡಿಗೆ ತಳ್ಳಿಡಿ. ಸ್ಟ್ಯಾಂಡ್ ಕೈಕೊಟ್ಟರೆ ಕೊನೆಯ ಆಸರೆ ಅವೇ.

ಮಾಡಬಾರದ್ದು

• ಜಾಕ್ ಮಾತ್ರ ಹೊತ್ತಿರುವ ಕಾರಿನ ಅಡಿಗೆ ಕೈಯನ್ನೂ ಚಾಚಬೇಡಿ. ಬಿದ್ದ ನಟ್ಟು ತೆಗೆಯುವುದಕ್ಕೂ ಬೇಡ.
• ಹಾಲೋ ಬ್ಲಾಕ್, ಇಟ್ಟಿಗೆ, ಕಲ್ಲು, ಸಿಲ್ವರ್ ಓಕ್ ದಿಮ್ಮಿಗಳನ್ನು ಆಧಾರವಾಗಿ ಇಡಬೇಡಿ. ಬ್ಲಾಕ್ ಮುನ್ಸೂಚನೆ ಇಲ್ಲದೆ ಒಮ್ಮೆಗೇ ಪುಡಿಯಾಗುತ್ತದೆ, ದುಂಡು ದಿಮ್ಮಿ ಉರುಳುತ್ತದೆ.

4. ಗೇರ್‌ಬಾಕ್ಸ್ ಇಳಿಸುವಾಗ

ಮಾಡಬೇಕಾದ್ದು

• ಆಕ್ಸಲ್ ಎಳೆಯುವ ಮೊದಲು ಗೇರ್ ಆಯಿಲ್ ಪೂರ್ತಿ ಇಳಿಸಿ.
• ಗೇರ್‌ಬಾಕ್ಸಿನ ಮೌಂಟಿಂಗ್ ಬಿಚ್ಚಿದರೆ ಎಂಜಿನ್ ಒಂದು ಕಡೆಗೆ ವಾಲುತ್ತದೆ. ಬಿಚ್ಚುವ ಮೊದಲೇ ಎಂಜಿನ್ನಿಗೆ ಪ್ರತ್ಯೇಕ ಆಧಾರ ಕೊಡಿ. ಕೆಳಗಿನಿಂದ ಕೊಡುವುದಾದರೆ ಆಯಿಲ್ ಪ್ಯಾನ್ ತಗಡು ಜಜ್ಜದಂತೆ ನಡುವೆ ಅಗಲವಾದ ಹಲಗೆ ಇರಲಿ.
• ಸಣ್ಣ ಕಾರಿನ ಗೇರ್‌ಬಾಕ್ಸೇ ಸುಮಾರು 25ರಿಂದ 35 ಕೆ.ಜಿ. ತೂಗುತ್ತದೆ. ಅದರ ಅಡಿಗೆ ಟ್ರಾಲಿ ಜಾಕ್ ಕೊಟ್ಟು, ಪಟ್ಟಿಯಿಂದ ಬಿಗಿದು, ಇಬ್ಬರು ಸೇರಿ ಎಂಜಿನ್ನಿನಿಂದ ನೇರವಾಗಿ ಆಚೆಗೆ ಎಳೆದು ಇಳಿಸಿ.
• ಬೆಲ್ ಹೌಸಿಂಗ್ ಬೋಲ್ಟುಗಳ ಉದ್ದ ಒಂದೇ ಅಲ್ಲ. ರಟ್ಟಿನ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ.

ಮಾಡಬಾರದ್ದು

• ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಳ್ಳಬೇಡಿ. ಒಬ್ಬರೇ ಇಳಿಸಲು ಹೋಗಿ ಹೀಗೆ ಮಾಡುವವರಿದ್ದಾರೆ. ಪಕ್ಕೆಲುಬು ಮುರಿಯಲು ಅಷ್ಟು ಭಾರ ಸಾಕು.
• ಹಲಸಿನ ಕೊಂಬೆಗೋ ಶೆಡ್ಡಿನ ತೊಲೆಗೋ ಚೈನ್ ಪುಲ್ಲಿ ಕಟ್ಟಿ ಎಂಜಿನ್ ತೂಗುಹಾಕಬೇಡಿ.
• ಆಕ್ಸಲ್ಲನ್ನು ಅದರ ರಬ್ಬರ್ ಬೂಟಿನ ಮೇಲೆ ನೇತಾಡಲು ಬಿಡಬೇಡಿ. ತಂತಿಯಿಂದ ಮೇಲಕ್ಕೆ ಕಟ್ಟಿ.

5. ದೂಳು ಮತ್ತು ಎಣ್ಣೆ

ಮಾಡಬೇಕಾದ್ದು

• ಮಾಸ್ಕ್ ಹಾಕಿ. ಬೆಲ್ ಹೌಸಿಂಗಿನೊಳಗಿನ ಕಪ್ಪು ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.
• ಹಳೆಯ ಆಯಿಲ್ಲನ್ನು ಕ್ಯಾನಿಗೆ ತುಂಬಿ, ಬಳಸಿದ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆ ಇದೆ.

ಮಾಡಬಾರದ್ದು

• ಕಂಪ್ರೆಸರ್‌ನಿಂದಾಗಲಿ ಬಾಯಿಂದಾಗಲಿ ದೂಳು ಊದಬೇಡಿ. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ತರಬಲ್ಲದು.
• ಆಯಿಲ್ಲನ್ನು ಕಾಫಿ ಗಿಡದ ಬುಡಕ್ಕೆ, ಚರಂಡಿಗೆ ಸುರಿಯಬೇಡಿ. ಗೋಣಿಕೊಪ್ಪಲು ಪೇಟೆಯ ಚರಂಡಿಗೆ ಬಿದ್ದದ್ದು ಮಳೆಯ ಜೊತೆ ಕೀರೆಹೊಳೆ ಸೇರುತ್ತದೆ.

6. ಹೊಸ ಕ್ಲಚ್ ಕೂರಿಸುವಾಗ

ಮಾಡಬೇಕಾದ್ದು

• ಹಳೆಯ ಪ್ಲೇಟಿನ ಪಕ್ಕ ಹೊಸದನ್ನಿಟ್ಟು ಅಗಲವನ್ನೂ ನಡುವಿನ ಹಲ್ಲುಗಳ ಲೆಕ್ಕವನ್ನೂ ಹೋಲಿಸಿ. ಆಮೇಲೆ ಹೊಸ ಪ್ಲೇಟನ್ನು ಇನ್‌ಪುಟ್ ಶಾಫ್ಟಿನ ಮೇಲೆ ಜಾರಿಸಿ ನೋಡಿ.
• ಫ್ಲೈವೀಲ್ ಮೇಲೆ ನೀಲಿ ಕಲೆ, ಬಿರುಕು, ಗೀರು ಇದ್ದರೆ ಅಲ್ಲಿಗೇ ನಿಲ್ಲಿಸಿ, ಲೇತ್ ಕೆಲಸದವರಿಗೆ ತೋರಿಸಿ.
• ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಈಗಲೇ ಬದಲಿಸಿ. ಅಲ್ಲಿ ಸೋರುವ ಎಣ್ಣೆ ಹೊಸ ಪ್ಲೇಟನ್ನೂ ಕೆಡಿಸುತ್ತದೆ.
• ‘ಫ್ಲೈವೀಲ್ ಸೈಡ್’ ಎಂಬ ಗುರುತು ಫ್ಲೈವೀಲ್ ಕಡೆಗೇ ಇರಲಿ. ಅಲೈನ್‌ಮೆಂಟ್ ಟೂಲ್ ಹಾಕಿ ಪ್ಲೇಟನ್ನು ನಡುಮಧ್ಯಕ್ಕೆ ತನ್ನಿ.
• ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬಂದು, ಕೊನೆಗೆ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿ ಕೊಡಿ.

ಮಾಡಬಾರದ್ದು

• ಎಣ್ಣೆ ಕೈಯಿಂದ ಪ್ಲೇಟಿನ ಮುಖ ಮುಟ್ಟಬೇಡಿ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಹೆಚ್ಚಾದದ್ದು ಸಿಡಿದು ಪ್ಲೇಟಿಗೆ ಅಂಟುತ್ತದೆ.
• ಗೇರ್‌ಬಾಕ್ಸ್ ಪೂರ್ತಿ ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಬೆಲ್ ಹೌಸಿಂಗ್ ಸೀಳುತ್ತದೆ. ಹೊರಗೆ ತೆಗೆದು ಅಲೈನ್‌ಮೆಂಟನ್ನು ಮತ್ತೆ ನೋಡಿ.
• ಅರ್ಧ ಒಳಹೋದ ಗೇರ್‌ಬಾಕ್ಸನ್ನು ಶಾಫ್ಟಿನ ಮೇಲೆ ನೇತಾಡಲು ಬಿಡಬೇಡಿ. ಹೊಸ ಪ್ಲೇಟಿನ ನಡುಭಾಗ ಬಾಗಿ, ಕಾರು ಹೊರಡುವಾಗಲೆಲ್ಲ ನಡುಗುತ್ತದೆ.

7. ಓಡಿಸಿ ನೋಡುವಾಗ

ಮಾಡಬೇಕಾದ್ದು

• ಎಂಜಿನ್ ಚಾಲೂ ಮಾಡುವ ಮೊದಲು ಗೇರ್ ಆಯಿಲ್ ತುಂಬಿದ್ದೀರೇ ಎಂದು ನೋಡಿ. ಆಯಿಲ್ ಇಲ್ಲದೆ ಓಡಿಸಿದರೆ ಗೇರ್‌ಬಾಕ್ಸೇ ಹೋಗುತ್ತದೆ.
• ಚಕ್ರಗಳು ನೆಲ ಮುಟ್ಟಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಪೆಡಲಿನ ಸಡಿಲವನ್ನು ಕೈಪಿಡಿಯಂತೆ ಹೊಂದಿಸಿ.
• ಮೊದಲು ಅಂಗಳದಲ್ಲೇ ಫಸ್ಟ್ ಮತ್ತು ರಿವರ್ಸ್ ಹಾಕಿ ನೋಡಿ. ಆಮೇಲೆ ಪೊನ್ನಂಪೇಟೆ ಕಡೆಗೆ ನಿಧಾನವಾಗಿ ಹೋಗಿ ಬಂದು, ಕೆಳಗೆ ಸೋರಿದೆಯೇ ನೋಡಿ. ಕೆಲವು ನೂರು ಕಿಲೋಮೀಟರ್ ಹಗುರವಾಗಿ ಓಡಿಸಿ.

ಮಾಡಬಾರದ್ದು

• ಅಂದೇ ಮಾಕುಟ್ಟ ಘಾಟಿ ಇಳಿಯಬೇಡಿ. ಸಂಜೆಯಾದ ಮೇಲೆ ತಿತಿಮತಿ ಕಡೆಗೂ ಬೇಡ. ಆನೆ ದಾಟುವ ದಾರಿಯಲ್ಲಿ ಕೆಟ್ಟು ನಿಂತರೆ ಇಳಿದು ನೋಡುವಂತಿಲ್ಲ.
• ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ.

8. ಅವಘಡವಾದರೆ

ಹೊರಗೆ ನಿಂತವರಿಗೆ ಈ ಮಾತು. ಎರಡನೇ ಜಾಕ್ ಮತ್ತು ಮೊಬೈಲ್ ಸದಾ ನಿಮ್ಮ ಕೈಗೆ ಸಿಗುವಂತಿರಲಿ. ಅಡಿಯಲ್ಲಿ ಸಿಕ್ಕಿಕೊಂಡವರನ್ನು ಜಗ್ಗಬೇಡಿ. ಮೊದಲು ಜಾಕ್ ಕೊಟ್ಟು ಕಾರಿನ ಭಾರ ಎತ್ತಿ, ಕೂಗಿ ಜನ ಸೇರಿಸಿ, 108ಕ್ಕೆ ಕರೆ ಮಾಡಿ. ಅದು ಸಿಗದಿದ್ದರೆ 112. ಮನೆಗೆ ಬರುವ ತೋಟದ ದಾರಿಯನ್ನು ಫೋನಿನಲ್ಲಿ ಬಿಡಿಸಿ ಹೇಳಿ, ಮುಖ್ಯರಸ್ತೆಗೆ ಒಬ್ಬರನ್ನು ಕಳಿಸಿ. ಮೈಸೂರಿನ ದೊಡ್ಡಾಸ್ಪತ್ರೆಗಳು ಗೋಣಿಕೊಪ್ಪಲಿನಿಂದ ಸುಮಾರು 90 ಕಿ.ಮೀ. ದೂರ. ಆದ್ದರಿಂದ ಮೊದಲ ನಿಮಿಷಗಳಲ್ಲಿ ನೀವು ಮಾಡುವುದೇ ದೊಡ್ಡ ಚಿಕಿತ್ಸೆ.

ಮಟ್ಟವಾದ ಕಾಂಕ್ರೀಟ್ ನೆಲ, ಗಟ್ಟಿ ಜಾಕ್ ಸ್ಟ್ಯಾಂಡ್ ಒಂದು ಜೊತೆ, ಜೊತೆಗೊಬ್ಬರು ವಯಸ್ಕರು: ಈ ಮೂರರಲ್ಲಿ ಒಂದಿಲ್ಲದಿದ್ದರೂ ಒಂದು ಬೋಲ್ಟನ್ನೂ ಬಿಚ್ಚಬೇಡಿ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ಮಜೂರಿ ಉಳಿಸಲು ಹೊರಟವರು ಪ್ರಾಣವನ್ನು ಪಣಕ್ಕಿಡಬಾರದು. ನಿಮ್ಮ ಮನೆಯವರಿಗೆ ಬೇಕಾದದ್ದು ನೀವು.